ವೀಳ್ಯದ ಮೇಲೆ ನಿಂತ ಲಾರಿ

ಮಧುಗಿರಿಯಲ್ಲಿ ನನ್ನನ್ನು ಮೊದಲ ಸಲ 'ಓನರ್' ಎಂದು ಕರೆದವನು ಸಾಹುಕಾರರ ಬುಕಿಂಗ್ ಆಫೀಸಿನ ಗುಮಾಸ್ತ. ಕರೆದ ಬಾಯಲ್ಲೇ, "ಓನರ್ರೇ, ಆ ಮುರುಕು ಬೆಂಚು ಒಂಚೂರು ಆಚೆಗೆ ಎತ್ತಿ ಇಡಿ" ಎಂದ. ನಾನು ಎತ್ತಿ ಇಟ್ಟೆ. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ಸ್ವಂತ ಲಾರಿ ಮಾಡಿಕೊಂಡವನು ಅವರ ಬೆಂಚು ಯಾಕೆ ಎತ್ತಬೇಕು? ಒಂಬತ್ತು ವರ್ಷ ಆ ಬಾಗಿಲ ಮುಂದೆ ಡ್ರೈವರಾಗಿ ನಿಂತು ಅಭ್ಯಾಸವಾಗಿದ್ದವನಿಗೆ ಆ ಪ್ರಶ್ನೆ ಹೊಳೆಯಲೇ ಇಲ್ಲ.

ಆಗ ಅರವತ್ತರ ದಶಕ ಇನ್ನೂ ಶುರುವಾಗಿರಲಿಲ್ಲ. ಸಾಹುಕಾರರಿಗೆ ಏಳು ಲಾರಿಗಳಿದ್ದವು. ಪಾವಗಡದ ಕಡಲೆಕಾಯಿ, ಕೊರಟಗೆರೆಯ ಭತ್ತ, ನಮ್ಮೂರಿನ ಹುಣಸೆಹಣ್ಣು, ಶಿರಾದ ಕಂಬಳಿ, ಯಾವುದೇ ಸರಕು ತುಮಕೂರು ಕಡೆ ಹೋಗಬೇಕಾದರೂ ಅವರ ಚೀಟಿ ಬೇಕು. ನಾನು ಅವರ ಮೂರನೇ ನಂಬರಿನ ಲಾರಿ ಓಡಿಸುತ್ತಿದ್ದೆ. ರಸ್ತೆಯ ಒಂದೊಂದು ಹಳ್ಳವೂ ನನಗೆ ಬಾಯಿಪಾಠ. ಬೇರೆಯವರ ಲಾರಿಯನ್ನು ಎಷ್ಟು ಚೆನ್ನಾಗಿ ಓಡಿಸಿದರೂ ಅದು ಬೇರೆಯವರ ಲಾರಿಯೇ ಅನ್ನುವುದು ಮಾತ್ರ ಒಂಬತ್ತು ವರ್ಷಕ್ಕೆ ತಲೆಗೆ ಹತ್ತಿತು.

ಶಿರಾದಲ್ಲಿ ಒಬ್ಬ ಮೇಸ್ತ್ರಿ ಇದ್ದರು. ಎಂಜಿನ್ ಕೆಲಸದಲ್ಲಿ ನಾಲ್ಕು ತಾಲ್ಲೂಕಿಗೆ ಅವರೊಬ್ಬರೇ. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಬೆಂಗಳೂರಿನಲ್ಲಿ ಹರಾಜು ಹಾಕಿದ ಒಂದು ಲಾರಿಯನ್ನು ಅವರು ಎಂದೋ ತಂದು ಹಿತ್ತಲಲ್ಲಿ ಬಿಟ್ಟಿದ್ದರು. ಚಕ್ರವಿರಲಿಲ್ಲ, ಸರಕು ತುಂಬುವ ತೊಟ್ಟಿಯಿರಲಿಲ್ಲ, ಬಾನೆಟ್ಟಿನೊಳಗೆ ಕೋಳಿ ಕಾವಿಗೆ ಕೂತಿತ್ತು. ಅದು ಇನ್ನೂ ಯಾರ ಹೆಸರಿಗೂ ನೋಂದಣಿಯಾಗಿರಲಿಲ್ಲ. ನಾನು ಅದನ್ನು ಕೊಂಡೆ. ಹೆಂಡತಿಯ ಬಂಗಾರವೆಲ್ಲ ಅದಕ್ಕೇ ಹೋಯಿತು. ಅವಳು ಪಾವಗಡದ ಆಚೆಯವಳು, ಅವಳ ಕನ್ನಡದಲ್ಲಿ ಅರ್ಧ ತೆಲುಗು. ಕೋಳಿ ಕೂತ ಲಾರಿಯನ್ನು ನೋಡಿ, "ಏಮಯ್ಯಾ, ನನ್ ಸರ ಬಿಚ್ಚಿ ಕೋಳಿಗೂಡು ತಂದ್ಯಾ?" ಎಂದಳು. ಆಮೇಲೆ ಅವಳೇ ಕೋಳಿಯನ್ನು ಮೆಲ್ಲಗೆ ಎತ್ತಿ, ಮೊಟ್ಟೆಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು, ಮೇಸ್ತ್ರಿಯ ಹೆಂಡತಿಗೆ ಕೊಟ್ಟು ಬಂದಳು.

ಏಳು ತಿಂಗಳು ಆ ಹಿತ್ತಲೇ ನನ್ನ ಮನೆ. ಮೇಸ್ತ್ರಿ ಎಂಜಿನ್ ಬಿಚ್ಚಿದರು, ನಾನು ಸೀಮೆಎಣ್ಣೆಯಲ್ಲಿ ತೊಳೆದೆ. ಬೇವಿನ ಹಲಗೆ ಕೊಯ್ಯಿಸಿ ತೊಟ್ಟಿ ಕಟ್ಟಿಸಿದೆವು. ಹ್ಯಾಂಡಲ್ ಹಾಕಿ ಮೊದಲ ಸಲ ತಿರುಗಿಸಿದ ದಿನ ಅದು ಕೆಮ್ಮಿತು, ಉಗುಳಿತು, ಕಡೆಗೆ ಹೊತ್ತಿಕೊಂಡಿತು. ನಾನು ಅತ್ತುಬಿಟ್ಟೆ. ಮೇಸ್ತ್ರಿ ನಗುತ್ತಾ, "ಅರೇ ಬೇಟಾ, ಗಾಡಿ ಹುಟ್ಟಿದ್ರೆ ಅಳೋದು ಗಾಡಿ, ನೀನಲ್ಲ" ಎಂದರು. ಆಮೇಲೆ ಗಂಭೀರವಾಗಿ, "ಕಾಗಜ್ ನಿನ್ ಹೆಸ್ರಿಗೇ ಮಾಡಿಸ್ಕೊ. ಲೋಹಾನ ನಂಬು, ಬಾಯಿ ಜಬಾನ್‌ನ ನಂಬಬೇಡ" ಎಂದು ಹೇಳಿ, ಲಾರಿ ನನಗೆ ಮಾರಿದ್ದಕ್ಕೆ ಒಂದು ಚೀಟಿ ಬರೆದುಕೊಟ್ಟರು. ಈ ಮಾತು ಹೇಳಿದವರ ಕಾಲಿಗೆ ನಾನು ಬೀಳಬೇಕಾಗಿತ್ತು. ಬದಲಿಗೆ ಸೀದಾ ಸಾಹುಕಾರರ ಹತ್ತಿರ ಹೋದೆ.

ಹೋಗಲೇಬೇಕಾಗಿತ್ತು. ಲಾರಿ ಇದ್ದರೆ ಸಾಲದು, ಬಾಡಿಗೆಗೆ ಓಡಿಸಲು ಪರ್ಮಿಟ್ ಬೇಕು. ಹೊಸಬರು ಅರ್ಜಿ ಹಾಕಿದರೆ ಹಳಬರೆಲ್ಲ ಸೇರಿ, ಈ ಕಡೆಗೆ ಇರುವ ಲಾರಿಗಳೇ ಹೆಚ್ಚಾಗಿವೆ ಎಂದು ತಕರಾರು ಹಾಕುತ್ತಿದ್ದರು. ಸಾಹುಕಾರರ ಏಳು ಲಾರಿಗಳಲ್ಲಿ ಒಂದು ಗುಜರಿಗೆ ಹೋಗಿ, ಅದರ ಪರ್ಮಿಟ್ ಮಾತ್ರ ಉಳಿದಿತ್ತು. ನನ್ನ ಲಾರಿ ಅದರ ಮೇಲೆ ಓಡಬಹುದು. ಆದರೆ ಪರ್ಮಿಟ್ ಯಾರ ಹೆಸರಿನಲ್ಲಿದೆಯೋ ಲಾರಿಯೂ ಅವರ ಹೆಸರಿನಲ್ಲೇ ಇರಬೇಕು ಎನ್ನುವುದು ಕಾನೂನು.

"ರಿಜಿಸ್ಟ್ರಿ ಪುಸ್ತಕದಾಗೆ ನನ್ನೆಸ್ರು, ಲಾರಿ ನಿಂದು ಕಣ್ಲಾ" ಎಂದರು ಸಾಹುಕಾರರು. "ಬಂದ ಬಾಡ್ಗೇಲಿ ಆಫೀಸಿನ ಪಾಲು ಆಫೀಸಿಗೆ, ಮಿಕ್ಕಿದ್ದು ನಿಂಗೆ. ನಿಂಗೆ ಪರ್ಮಿಟ್ಟು ಸಿಕ್ಕಿದ್ ದಿನ ಲಾರಿ ತಗಂಡೋಗು. ಇನ್ನೇನ್ ಬೇಕು?"

ನಾನು ತಲೆ ಕೆರೆದುಕೊಂಡು, "ಒಂದ್ ಚೀಟಿ ಬರ್ಕೊಟ್ರೆ..." ಎಂದೆ.

ಅವರು ಒಳಗಿನಿಂದ ತಟ್ಟೆ ತರಿಸಿದರು. ಎರಡು ವೀಳ್ಯದೆಲೆ, ಒಂದು ಅಡಿಕೆ. ನಮ್ಮ ಕಡೆ ಹೆಣ್ಣು ಒಪ್ಪಿದರೂ ವೀಳ್ಯ, ಎತ್ತು ಕೊಂಡರೂ ವೀಳ್ಯ. ಹಿರಿಯರು ಕೈಯಾರೆ ವೀಳ್ಯ ಕೊಟ್ಟ ಮೇಲೆ ಕಾಗದ ಕೇಳಿದರೆ, ನೀವು ಸುಳ್ಳುಗಾರರು ಎಂದು ಮುಖದ ಮೇಲೆ ಹೇಳಿದ ಹಾಗೆ. ನಾನು ಎರಡೂ ಕೈ ಒಡ್ಡಿ ಇಸಿದುಕೊಂಡು ಕಣ್ಣಿಗೊತ್ತಿಕೊಂಡೆ. ಗುಮಾಸ್ತ ಮೇಸ್ತ್ರಿಯ ಚೀಟಿಯನ್ನು ನೋಂದಣಿಗೆ ಬೇಕು ಎಂದು ಕೇಳಿದ. ಅದನ್ನೂ ಕೊಟ್ಟೆ. ಜಗತ್ತಿನಲ್ಲಿ ಇಷ್ಟು ದೊಡ್ಡ ದಡ್ಡತನವನ್ನು ಇಷ್ಟು ಭಕ್ತಿಯಿಂದ ಮಾಡಿದವನು ಇನ್ನೊಬ್ಬನಿದ್ದರೆ ಅವನೂ ನಮ್ಮ ತಾಲ್ಲೂಕಿನವನೇ ಇರಬೇಕು.

ಮರುವಾರ ಪೇಂಟರು ಬಂದು ಲಾರಿಯ ಹಣೆಯ ಮೇಲೆ ಸಾಹುಕಾರರ ಕಂಪನಿಯ ಹೆಸರನ್ನು ಕೆಂಪು ಅಕ್ಷರದಲ್ಲಿ ಬರೆದ. ನನ್ನ ಹೆಸರು ಎಲ್ಲಿ ಎಂದು ಕೇಳಿದ್ದಕ್ಕೆ ಹಿಂದಿನ ಹಲಗೆ ತೋರಿಸಿ, "ಅಲ್ಲಿ ಹಾರನ್ ಮಾಡಿ ಅಂತ ಬರೀಬೇಕು, ಜಾಗ ಇಲ್ಲ" ಎಂದ.

ಅಲ್ಲಿಂದ ಮುಂದೆ ನನ್ನ ಓನರ್‌ಗಿರಿ ಶುರುವಾಯಿತು. ಅದರ ವೈಭವ ಏನೆಂದು ಹೇಳಲಿ! ಡ್ರೈವರಾಗಿದ್ದಾಗ ಟೈರು ಸಿಡಿದರೆ ಸಾಹುಕಾರರು ಹೊಸದು ಕಳಿಸುತ್ತಿದ್ದರು. ಈಗ ಸಿಡಿದರೆ ಗುಮಾಸ್ತ, "ನಿಮ್ ಲಾರಿ ಅಲ್ವೇ ಓನರ್ರೇ, ನೀವೇ ನೋಡ್ಕಳಿ" ಎನ್ನುತ್ತಿದ್ದ. ನಾನು ಒಂದು ದಿನ ಬಿಡುವು ಬೇಕೆಂದರೆ ಅದೇ ಗುಮಾಸ್ತ, "ಕಂಪ್ನಿ ಗಾಡಿ ನಿಲ್ಸಕ್ಕಾಯ್ತದಾ?" ಎನ್ನುತ್ತಿದ್ದ. ಕೆಟ್ಟರೆ ನನ್ನದು, ಓಡಿದರೆ ಅವರದು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಇಲ್ಲಿ ದೇವರೂ ಕೊಟ್ಟಿರಲಿಲ್ಲ, ಪೂಜಾರಿಯೂ ಕೊಡುತ್ತಿರಲಿಲ್ಲ.

ಲೋಡಿನ ಸರದಿಯೂ ಹಾಗೇ. ಟಾರು ರಸ್ತೆಯ ಒಳ್ಳೆಯ ಸರಕೆಲ್ಲ ಸಾಹುಕಾರರ ಆರು ಲಾರಿಗಳಿಗೆ. ಪಾವಗಡದ ಆಚೆ ಬಂಡಿ ಜಾಡಿನಲ್ಲಿ ಚಪ್ಪಡಿ ಕಲ್ಲು ತರುವುದಿದ್ದರೆ ನನಗೆ. ಶಿರಾದಿಂದ ತುಮಕೂರಿನ ರೈಲಿಗೆ ಹಸಿ ತೊಗಲು ಸಾಗಿಸುವುದಿದ್ದರೆ ಅದು ಖಾಯಂ ನನಗೇ. ಉಪ್ಪು ಸವರಿದ ತೊಗಲಿನ ನಾತ ಬೇವಿನ ಹಲಗೆಗೆ ಇಳಿದು, ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಆಮೇಲೆ ಯಾವ ದಿನಸಿ ವರ್ತಕನೂ ನನ್ನ ಲಾರಿಗೆ ಸರಕು ಹಾಕಲು ಒಪ್ಪುತ್ತಿರಲಿಲ್ಲ. ಒಪ್ಪದಿದ್ದರೆ ಮತ್ತೆ ತೊಗಲೇ ಗತಿ. ಆ ತೊಗಲಿನ ವ್ಯಾಪಾರಿಯೊಬ್ಬರು ಮಾತ್ರ ನನ್ನನ್ನು ಮರ್ಯಾದೆಯಿಂದ ಕಾಣುತ್ತಿದ್ದರು, ಲೋಡು ತುಂಬುವಾಗ ಕುರ್ಚಿ ಹಾಕಿಸಿ ಚಹಾ ಕೊಡುತ್ತಿದ್ದರು.

ಹೀಗೆ ನಾಲ್ಕು ವರ್ಷ ಸಹಿಸಿದೆ. ಐದನೆಯ ಆಯುಧಪೂಜೆ ಬಂತು. ಆ ದಿನ ಲಾರಿಗಳನ್ನೆಲ್ಲ ತೊಳೆದು, ಬಾಳೆಕಂದು ಕಟ್ಟಿ, ಆಫೀಸಿನ ಮುಂದೆ ಸಾಲಾಗಿ ನಿಲ್ಲಿಸುತ್ತಿದ್ದರು. ಗಾಡಿಯ ಮುಂದೆ ಬೂದುಗುಂಬಳ ಒಡೆಯುವುದು ಗಾಡಿಯ ಒಡೆಯನ ಕೆಲಸ. ಅದುವರೆಗೆ ಪ್ರತಿವರ್ಷ ಸಾಹುಕಾರರೇ ಎಲ್ಲ ಗಾಡಿಗೂ ಒಡೆದಿದ್ದರು, ನಾನು ಬಾಯಿ ಬಿಟ್ಟಿರಲಿಲ್ಲ. ಆ ವರ್ಷ ನನ್ನ ಹೆಂಡತಿ ಹಿತ್ತಲಲ್ಲಿ ತಾನೇ ಬೆಳೆಸಿದ ಕುಂಬಳಕಾಯಿಯನ್ನು ಸೊಂಟದ ಮೇಲೆ ಇಟ್ಟುಕೊಂಡು ಆಫೀಸಿನ ಮುಂದಕ್ಕೆ ಬಂದಳು.

ಗುಮಾಸ್ತ ಅಡ್ಡ ನಿಂತ. "ಸಾಹುಕಾರ್ರು ಒಡೀತಾರೆ ಕಣಮ್ಮ. ಇದು ಕಂಪ್ನಿ ಗಾಡಿ."

"ನಮ್ದಲ್ವಾ?" ಎಂದು ಅವಳು ಕೇಳಿದ್ದು ಗುಮಾಸ್ತನನ್ನಲ್ಲ, ನನ್ನನ್ನು. ನಾನು ನೆಲ ನೋಡಿದೆ. ಸಾಹುಕಾರರು ಬಂದು ನನ್ನ ಲಾರಿಯ ಮುಂದೆ ತಮ್ಮ ಕುಂಬಳಕಾಯಿ ಒಡೆದು, ಕೈ ತೊಳೆದುಕೊಂಡು, ನನಗೆ ಉಳಿದ ಡ್ರೈವರುಗಳ ಜೊತೆಗೇ ಒಂದು ಪಂಚೆ ಕೊಟ್ಟರು. ಅವಳು ಬಂದ ದಾರಿಯಲ್ಲೇ ಕಾಯಿ ಹೊತ್ತುಕೊಂಡು ಹಿಂದೆ ಹೋದಳು. ಮಧ್ಯಾಹ್ನ ಊಟಕ್ಕೆ ಕೂತಾಗ ಮಜ್ಜಿಗೆಹುಳಿ ಬಡಿಸಿ, "ಒಡೆಯೋ ಹಕ್ಕಂತೂ ಇಲ್ಲ, ತಿನ್ನೋ ಹಕ್ಕಾದ್ರೂ ಐತಲ್ಲ, ತಿನ್ನು" ಎಂದಳು. ಸಾಹುಕಾರರ ಮೇಲೆ ಬಂದ ಸಿಟ್ಟಿಗಿಂತ ಆ ಪಂಚೆಗೆ ಕೈಯೊಡ್ಡಿದ ನನ್ನ ಮೇಲೆ ಬಂದ ಸಿಟ್ಟು ದೊಡ್ಡದು.

ಹಬ್ಬ ಕಳೆದ ವಾರವೇ ನನ್ನ ಹೆಸರಿಗೆ ಪರ್ಮಿಟ್ ಬೇಕೆಂದು ಅರ್ಜಿ ಹಾಕಿದೆ. ಸಾಹುಕಾರರಿಗೂ ಹೋಗಿ ಹೇಳಿದೆ, ಕದ್ದು ಮಾಡುವ ಕೆಲಸವಲ್ಲವಲ್ಲ. ಅವರು ನಗುನಗುತ್ತಲೇ, "ಹಾಕ್ಕೊ, ಹಾಕ್ಕೊ, ಒಳ್ಳೇದಾಗ್ಲಿ" ಎಂದರು. ಕೆಲವು ತಿಂಗಳಾದ ಮೇಲೆ ತುಮಕೂರಿನ ಸಾರಿಗೆ ಕಚೇರಿಯಿಂದ ವಿಚಾರಣೆಗೆ ಕರೆ ಬಂತು. ಜೊತೆಗೆ ಒಂದು ತಕರಾರಿನ ನಕಲೂ ಇತ್ತು. ಈ ಕಡೆಗೆ ಇನ್ನೊಂದು ಲಾರಿಯ ಅಗತ್ಯವೇ ಇಲ್ಲ ಎಂದು ವಕೀಲರ ಮೂಲಕ ಬರೆಸಿದವರು ನಮ್ಮ ಸಾಹುಕಾರರೇ.

ವಿಚಾರಣೆಯ ದಿನ ಬೇಕೆಂದೇ ಗುಮಾಸ್ತ ನನಗೆ ಶಿರಾದಲ್ಲಿ ತೊಗಲಿನ ಲೋಡು ಹಾಕಿಸಿದ. "ಹೆಂಗೂ ತುಮ್ಕೂರಿಗೆ ಹೋಯ್ತಿರಲ್ಲ ಓನರ್ರೇ" ಎಂದ. ಮೇಸ್ತ್ರಿ ಸಾಕ್ಷಿ ಹೇಳಲು ತಾವಾಗಿಯೇ ಒಗೆದ ಪೈಜಾಮ, ಕರಿ ಟೋಪಿ ಹಾಕಿಕೊಂಡು ಬಂದು ಪಕ್ಕದಲ್ಲಿ ಕೂತರು. ತುಮಕೂರು ಮುಟ್ಟುವ ಹೊತ್ತಿಗೆ ಇಬ್ಬರ ಬಟ್ಟೆಗೂ ನಾತ ಹತ್ತಿತ್ತು. ಸರಕು ಇಳಿಸಲು ವೇಳೆಯಿರಲಿಲ್ಲ, ಕಚೇರಿಯ ಮುಂದೆಯೇ ಲಾರಿ ನಿಲ್ಲಿಸಿ ಒಳಗೆ ಹೋದೆವು. ಅಕ್ಕಪಕ್ಕದವರು ಮೂಗಿಗೆ ಕರವಸ್ತ್ರ ಹಿಡಿದು ಜಾಗ ಬಿಟ್ಟು ಕೂತರು.

ಅಧಿಕಾರಿ ನನ್ನ ಅರ್ಜಿ ನೋಡಿ, "ನಿಮ್ಮ ಹತ್ತಿರ ಲಾರಿ ಇದೆಯೇ?" ಎಂದು ಕೇಳಿದರು.

"ಇದೆ ಸ್ವಾಮಿ, ಹೊರಗೆ ನಿಂತಿದೆ."

ಸಾಹುಕಾರರು ಎದ್ದು ನಿಂತು ಮೆತ್ತಗೆ ಹೇಳಿದರು: "ಅದು ನಂದು ಸ್ವಾಮಿ. ಈತ ನನ್ನ ಡ್ರೈವರು. ಒಳ್ಳೇ ಮನುಷ್ಯ, ಯಾರೋ ತಲೆ ಕೆಡಿಸವ್ರೆ."

ಅಧಿಕಾರಿ ಪುಸ್ತಕ ತೆರೆದು ನೋಡಿದರು. ಹೆಸರು ಸಾಹುಕಾರರದೇ ಇತ್ತು. "ನಿಮ್ಮದು ಎನ್ನುವುದಕ್ಕೆ ಏನಾದರೂ ದಾಖಲೆ?" ಎಂದು ನನ್ನನ್ನು ಕೇಳಿದರು.

ನನ್ನ ಬಾಯಿಂದ ಬಂದದ್ದು ಒಂದೇ ಮಾತು. "ವೀಳ್ಯ ಕೊಟ್ಟಿದ್ರು ಸ್ವಾಮಿ."

ಕೋಣೆಯಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ವಕೀಲರು ನಕ್ಕರು, ಜವಾನ ನಕ್ಕ. ಸಾಹುಕಾರರೂ ನಕ್ಕರು. ಉಳಿದವರ ನಗು ಮರೆತಿದ್ದೇನೆ. ಆ ತಟ್ಟೆ ತರಿಸಿದವರು ನಕ್ಕಿದ್ದನ್ನು ಮರೆತಿಲ್ಲ, ಮರೆಯುವುದೂ ಇಲ್ಲ.

ಮೇಸ್ತ್ರಿ ಎದ್ದರು. "ಸಾಬ್, ಆ ಗಾಡೀದು ಒಂದೊಂದು ಬೋಲ್ಟು ಬಿಗಿದವನು ನಾನು. ಮಾರಿದವನು ನಾನು. ಇವನಿಗೇ ಮಾರಿದ್ದು. ಖುದಾನೇ ಸಾಕ್ಷಿ ಇದಾನೆ."

ಅಧಿಕಾರಿ ಕೆಟ್ಟವರಲ್ಲ. ಮೇಸ್ತ್ರಿಯನ್ನು ಕೂರಲು ಹೇಳಿ, "ನೀವು ನಿಜವನ್ನೇ ಹೇಳುತ್ತಿರಬಹುದು. ಆದರೆ ನಾನು ಪುಸ್ತಕದಲ್ಲಿ ಇರುವುದನ್ನಷ್ಟೇ ನೋಡಬಹುದು" ಎಂದರು. ಲಾರಿ ಇಲ್ಲದವನಿಗೆ ಪರ್ಮಿಟ್ ಇಲ್ಲ ಎಂದು ಬರೆದು ಅರ್ಜಿಯನ್ನು ತಳ್ಳಿಹಾಕಿದರು.

ಹೊರಗೆ ಬಂದಾಗ ಸಾಹುಕಾರರು ನನ್ನ ಭುಜದ ಮೇಲೆ ಕೈ ಹಾಕಿದರು. ಅವರ ದನಿಯಲ್ಲಿ ದ್ವೇಷವೇನೂ ಇರಲಿಲ್ಲ, ಅದನ್ನೇ ನನಗೆ ತಡೆಯಲಾಗಲಿಲ್ಲ. "ಆಗಿದ್ದಾಯ್ತು ಬುಡ್ಲಾ. ತೊಗ್ಲು ಇಳ್ಸಿ ಸೀದಾ ಕೊರಟಗೆರೆಗೆ ಹೋಗು, ಭತ್ತ ಕಾಯ್ತಾ ಐತೆ" ಎಂದರು.

ನಾನು ಸೀಟಿನ ಕೆಳಗಿನಿಂದ ಸ್ಟಾರ್ಟ್ ಮಾಡುವ ಕಬ್ಬಿಣದ ಹ್ಯಾಂಡಲನ್ನು ತೆಗೆದೆ. ಗ್ರೀಸು ಮೆತ್ತಿದ ಅದನ್ನು ಅವರ ಎರಡೂ ಕೈಗೆ ಇಟ್ಟೆ. ಬಿಳಿ ಜುಬ್ಬಾದ ತೋಳಿಗೆ ಕಪ್ಪಗೆ ಹತ್ತಿತು.

"ಏನ್ಲಾ ಇದು?"

"ನಿಮ್ ಲಾರಿ. ತಗಂಡೋಗಿ" ಎಂದೆ. ಮೇಸ್ತ್ರಿ ನನ್ನ ಜೊತೆ ಬಸ್ ಸ್ಟ್ಯಾಂಡಿಗೆ ನಡೆದರು.

ದಾರಿಯಲ್ಲಿ ನನಗಿದ್ದ ಒಂದೇ ಸಂಕಟ ತೊಗಲಿನ ವ್ಯಾಪಾರಿಯದು. ಶಿರಾದಲ್ಲಿ ಇಳಿದು ಅವರ ಮಂಡಿಗೆ ಹೋಗಿ ನಡೆದದ್ದನ್ನು ಹೇಳಿ ಕೈ ಮುಗಿದೆ. ಅವರು, "ಉಪ್ಪು ಹಾಕಿರೋ ಮಾಲು, ನಾಲ್ಕು ದಿನಕ್ಕೆ ಏನೂ ಆಗಲ್ಲ. ಲೇಟಾದ್ರೆ ಜವಾಬು ಕೊಡಬೇಕಾದವರು ಗಾಡಿ ಮಾಲೀಕ್ರು, ನೀನಲ್ಲ" ಎಂದರು. ಎಂದಿನಂತೆ ಚಹಾ ತರಿಸಿದರು.

ನನ್ನ ಲಾರಿಗೆ ಒಂದು ಗುಣವಿತ್ತು. ಎಂಜಿನ್ನಿಗೆ ಗಾಳಿ ಹೋಗುವ ಬಾಯಿಗೆ ಅಂಗೈ ಅಡ್ಡ ಹಿಡಿದು, ಹ್ಯಾಂಡಲನ್ನು ಅರ್ಧ ಸುತ್ತು ತಿರುಗಿಸಿ, ಬಿಟ್ಟು, ಮತ್ತೆ ತಿರುಗಿಸಬೇಕು. ಅದು ಗೊತ್ತಿದ್ದವರು ನಾನು, ಮೇಸ್ತ್ರಿ ಇಬ್ಬರೇ. ಸಾಹುಕಾರರು ಕಳಿಸಿದ ಮೊದಲನೇ ಡ್ರೈವರನ ಮಣಿಕಟ್ಟಿಗೆ ಹ್ಯಾಂಡಲ್ ತಿರುಗಿ ಹೊಡೆದು ಊದಿಕೊಂಡಿತು. ಎರಡನೆಯವನು ಹೋಗಿ ನೋಡಿ, ಇದು ನನ್ನ ಕೈಲಾಗದು ಎಂದು ವಾಪಸ್ಸು ಬಂದ. ಮಿಕ್ಕವರಿಗೆಲ್ಲ ಆ ವಾರ ಒಟ್ಟಿಗೇ ಹೊಟ್ಟೆನೋವು ಬಂತಂತೆ. ಅವರಲ್ಲಿ ಒಬ್ಬೊಬ್ಬರೂ ಎಂದಾದರೂ ಒಂದು ಸ್ವಂತ ಲಾರಿ ಮಾಡಬೇಕೆಂದು ಇದ್ದವರೇ. ನಾನು ಯಾರನ್ನೂ ಕೇಳಿಕೊಂಡಿರಲಿಲ್ಲ.

ಅತ್ತ ತುಮಕೂರಿನಲ್ಲಿ ಬಿಸಿಲಿಗೆ ತೊಗಲು ಕಾದು, ಕಚೇರಿಯ ಕಿಟಕಿಗಳನ್ನು ತೆಗೆಯುವ ಹಾಗಿರಲಿಲ್ಲವಂತೆ. ಯಾರ ಲಾರಿ ಎಂದು ಅಧಿಕಾರಿ ಕೇಳಿದರೆ, ಅವರೇ ನೋಡಿದ ಪುಸ್ತಕದಲ್ಲಿ ಉತ್ತರವಿತ್ತು. ಸಾಹುಕಾರರಿಗೆ ನೋಟೀಸು ಹೋಯಿತು. ತೊಗಲಿನ ವ್ಯಾಪಾರಿಯೂ ಅವರ ಆಫೀಸಿನ ಬಾಗಿಲಲ್ಲಿ ಬಂದು ಕೂತರು. ನಾಲ್ಕನೆಯ ದಿನ ಬೆಳಗ್ಗೆ ಗುಮಾಸ್ತ ನಮ್ಮ ಮನೆಗೆ ಬಂದು, ಒಳಗೆ ಕಾಲಿಡದೆ, "ಸಾಹುಕಾರ್ರು ಕರೀತವ್ರೆ" ಎಂದ. ನಾನು ಏಳುವ ಮೊದಲೇ ಹೆಂಡತಿ ಹೇಳಿದಳು: "ಪುಸ್ತಕ ಎತ್ಕೊಂಡು ತುಮ್ಕೂರಿಗೆ ಬರೋಕೇಳು. ಅಲ್ಲೇ ಮಾತು."

ಸಾಹುಕಾರರು ಬಂದರು. ಲಾರಿ ನನ್ನ ಹೆಸರಿಗಾಗದೆ ಹ್ಯಾಂಡಲ್ ಮುಟ್ಟುವುದಿಲ್ಲ ಎಂದೆ. ಅದೇ ಕಚೇರಿಯಲ್ಲಿ ಹೆಸರು ಬದಲಾಯಿಸುವ ಫಾರಂ ತುಂಬಿಸಿದರು. ಅದರಲ್ಲಿ ಎರಡೇ ಜಾಗ: ಮಾರಿದವರು, ಕೊಂಡವರು. ಮಾರಿದವರ ಕಡೆ ಅವರು ಸಹಿ ಹಾಕಿದರು. ನಾನು ಲೇಖನಿ ಹಿಡಿದು ಕೂತೇ ಇದ್ದೆ. "ನಾನಿದನ್ನ ಇವರಿಂದ ಕೊಂಡಿಲ್ಲ" ಎಂದೆ. "ಬೇರೆ ಕಲಂ ಇಲ್ಲಪ್ಪ" ಎಂದರು ಅಲ್ಲಿದ್ದ ಕ್ಲಾರ್ಕು. ನನ್ನ ಕಾಲಿಗೆ ನಾನೇ ಕೊಡಲಿ ಹಾಕಿಕೊಂಡದ್ದು, ಇನ್ನು ಯಾರನ್ನು ಬೈಯಲಿ? ನನ್ನ ಬೆವರಿನ ಲಾರಿಯನ್ನು ಅದನ್ನು ಒಂದು ದಿನವೂ ಮುಟ್ಟದವರಿಂದ ಕೊಂಡಿದ್ದೇನೆ ಎಂದು ಸಹಿ ಹಾಕಿದೆ. ಸಾರಿಗೆ ಕಚೇರಿಯ ಮತ್ತೆರಡು ವಿಚಾರಣೆ ಕಳೆದ ಮೇಲೆ ನನ್ನ ಹೆಸರಿಗೆ ಪರ್ಮಿಟ್ಟೂ ಬಂತು. ಈ ಸಲ ತಕರಾರು ಹಾಕಲು ಯಾರೂ ಬರಲಿಲ್ಲ.

ಮೊದಲ ಸಲ ಸ್ವಂತ ಪರ್ಮಿಟ್ಟಿನ ಮೇಲೆ ಪಾವಗಡದ ಕಡೆ ಕಡಲೆಕಾಯಿ ತರಲು ಹೊರಟಾಗ ಹೆಂಡತಿಯೂ ತವರಿಗೆಂದು ಪಕ್ಕದಲ್ಲಿ ಕೂತಿದ್ದಳು. ಆಂಧ್ರದ ಗಡಿಯ ಗೇಟಿನಲ್ಲಿ ಪೇದೆ ಪುಸ್ತಕ ಕೇಳಿದ. ಕೊಟ್ಟೆ. ಅವನು ಮೊದಲ ಪುಟ ತೆರೆದು, ಹೆಸರು ಓದಿ, ಮುಖ ಅರಳಿಸಿ, "ಓ, ಮಧುಗಿರಿ ಸಾಹುಕಾರ್ರ ಗಾಡಿಯಾ? ಹೋಗು, ಹೋಗು" ಎಂದು ಪುಸ್ತಕ ಹಿಂದಕ್ಕೆ ಚಾಚಿದ.

"ಪುಟ ತಿರುವಿ ಸ್ವಾಮಿ" ಎಂದೆ.

"ಸರಿಯಾಗೈತೆ, ಹೋಗಯ್ಯ. ಹಿಂದೆ ಗಾಡಿ ನಿಂತವೆ."

ಹೋಗಬಹುದಾಗಿತ್ತು. ಗೇಟು ತೆರೆದೇ ಇತ್ತು. ನಾನು ಎಂಜಿನ್ ಆರಿಸಿ ಕೆಳಗಿಳಿದೆ. ಹಿಂದಿನಿಂದ ಹಾರನ್ ಮೇಲೆ ಹಾರನ್. ಪೇದೆ ತೆಲುಗಿನಲ್ಲಿ ಬೈದ, ಅದಕ್ಕಿಂತ ಒಳ್ಳೆಯ ತೆಲುಗಿನಲ್ಲಿ ಹೆಂಡತಿ ಲಾರಿಯ ಮೇಲಿಂದಲೇ ಉತ್ತರ ಕೊಟ್ಟಳು. ಅವನು ಎರಡನೆಯ ಪುಟ ತಿರುವಿ, ಅಲ್ಲಿದ್ದ ನನ್ನ ಹೆಸರನ್ನು, ಅಪ್ಪನ ಹೆಸರಿನ ಸಮೇತ, ಎಲ್ಲರಿಗೂ ಕೇಳುವ ಹಾಗೆ ಗಟ್ಟಿಯಾಗಿ ಓದುವವರೆಗೆ ನಾನು ಗೇಟಿನಿಂದ ಕದಲಲಿಲ್ಲ.